ಕೆಮ್ಮು ನನ್ನದು, ದೂರು ಮಾವನವರ ಬೀಡಿಗೆ

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನನ್ನನ್ನು ಮೊದಲ ಸಲ ಸೇರಿಸಿಕೊಂಡಾಗ ನರ್ಸ್ ಒಬ್ಬಳು ಸಾಲಾಗಿ ಪ್ರಶ್ನೆ ಕೇಳುತ್ತಾ ಹೋದಳು. ಸಕ್ಕರೆ ಕಾಯಿಲೆ ಇದೆಯೇ, ಮನೆಯಲ್ಲಿ ಯಾರಿಗಾದರೂ ಟಿ.ಬಿ. ಆಗಿತ್ತೇ, ಹೆರಿಗೆ ಎಷ್ಟು, ಯಾವ ಔಷಧ ಮೈಗೆ ಆಗಿಬರುವುದಿಲ್ಲ. ಒಂದು ಕಡೆ ಬಂದು ಅವಳಿಗೇ ನಗು ಬಂತು. "ಬೀಡಿ, ಸಿಗರೇಟು, ಸೆರೆ... ಇದನ್ನೇನ್ ನಿಮಗ ಕೇಳೂದು, ಬಿಡ್ರಿ ಅಕ್ಕಾರ" ಎಂದು ಮುಂದಿನ ಪ್ರಶ್ನೆಗೆ ಹೋದಳು. ಮೂಗಿಗೆ ಆಕ್ಸಿಜನ್ ನಳಿಗೆ ಸಿಕ್ಕಿಸಿಕೊಂಡು ಮಲಗಿದ್ದ ನಾನೂ ಅವಳ ಜೊತೆ ನಕ್ಕೆ. ನಗುವಷ್ಟು ಉಸಿರು ಇರಲಿಲ್ಲ, ಆದರೂ ನಕ್ಕೆ. ಈ ಕಾಯಿಲೆಯಲ್ಲಿ ಪಟ್ಟ ನೋವನ್ನೆಲ್ಲ ಮರೆತೇನು, ಆ ನಗುವನ್ನು ಮರೆಯಲಾರೆ. ನೆನೆದಾಗಲೆಲ್ಲ ಮುಖ ಬಿಸಿಯಾಗುತ್ತದೆ.

ಆಮೇಲೆ ಬಂದ ಡಾಕ್ಟರು ನನ್ನ ಎದೆಯ ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದರು. ಎರಡೂ ಕಡೆ ಮಂಜು ಕವಿದ ಹಾಗೆ ಬೆಳ್ಳಗಿತ್ತು. ಅವರು ನನ್ನ ಮುಖ ನೋಡಲಿಲ್ಲ. ಮಂಚದ ಕಾಲಿನ ಹತ್ತಿರ ನಿಂತಿದ್ದ ಇಬ್ಬರು ಗಂಡಸರನ್ನು ನೋಡಿ, "ಮನಿಯೊಳಗ ಯಾರು ಸೇದತೀರಿ?" ಎಂದು ಕೇಳಿದರು. ನನ್ನ ಗಂಡ ಬಸವರಾಜ ತನ್ನ ಅಪ್ಪನ ಕಡೆ ನೋಡಿದ. ನನ್ನ ಮಾವನವರು, ಪೇಪರ್ ಮಿಲ್ಲಿನಲ್ಲಿ ಆಯುಷ್ಯವೆಲ್ಲ ದುಡಿದು ನಿವೃತ್ತರಾದ ಮನುಷ್ಯ, ಶಾಲೆಯ ಹುಡುಗನ ಹಾಗೆ ಅರ್ಧ ಕೈ ಎತ್ತಿದರು.

"ನಾನ್ರಿ. ಬೀಡಿ. ಆದ್ರ ಹೊರಗ ಕಟ್ಟಿ ಮ್ಯಾಲ ಕುಂತು ಸೇದತೇನ್ರಿ."

"ಹೊರಗ ಸೇದಿದ್ರ ಹೊಗಿ ಒಳಗ ಬರೂದಿಲ್ಲೇನ್ರಿ ಅಜ್ಜಾರ? ಅರಬಿಯೊಳಗ ಕುಂತು ಬರತೈತಿ, ಮೈಮ್ಯಾಲ ಕುಂತು ಬರತೈತಿ. ನೋಡ್ರಿಲ್ಲೆ, ನಿಮ್ಮ ಸೊಸಿ ಎದಿ ಹೆಂಗಾಗೇತಿ."

ಮಾವನವರ ಕೈ ಕೆಳಗಿಳಿಯಿತು. ನಾನು ಕಣ್ಣು ಮುಚ್ಚಿಕೊಂಡೆ. ನಿದ್ದೆ ಬಂದವಳ ಹಾಗೆ ಬಿದ್ದುಕೊಳ್ಳುವುದು ಆಸ್ಪತ್ರೆಯಲ್ಲಿ ಬಹಳ ಸುಲಭ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎಮ್ಮೆ ತಾನಾಗಿಯೇ ಬೆನ್ನು ಕೊಟ್ಟು ನಿಂತಿತ್ತು, ಎತ್ತು ಸುಮ್ಮನೆ ಮಲಗಿತ್ತು.

ಈಗ ಆ ಎತ್ತಿನ ವಿಷಯ. ದಾಂಡೇಲಿಯಿಂದ ಜೋಯಿಡಾ ಕಡೆ ಹೋಗುವ ರಸ್ತೆಯಲ್ಲಿ, ಹೊಳೆಯ ದಂಡೆಗಿರುವ ಒಂದು ರೆಸಾರ್ಟಿನಲ್ಲಿ ನಾನು ರಿಸೆಪ್ಷನ್ ನೋಡಿಕೊಳ್ಳುತ್ತೇನೆ. ಹೆಸರು ಸವಿತಾ. ಬಿ.ಕಾಂ. ಓದಿದ್ದೇನೆ, ಹಿಂದಿ, ಇಂಗ್ಲಿಷು, ಅಷ್ಟಿಷ್ಟು ಮರಾಠಿ ಬರುತ್ತದೆ, ಸ್ವಭಾವ ಸ್ವಲ್ಪ ಖಾರ. ಶನಿವಾರ, ರವಿವಾರ ಬಂತೆಂದರೆ ಪುಣೆ, ಗೋವಾ, ಬೆಂಗಳೂರಿನಿಂದ ಗುಂಪು ಗುಂಪಾಗಿ ಜನ. ರಾಫ್ಟಿಂಗ್ ಯಾಕೆ ತಡ, ಬಿಸಿನೀರು ಯಾಕಿಲ್ಲ, ಮಂಗ ಬಂದು ಚಿಪ್ಸ್ ಪೊಟ್ಟಣ ಒಯ್ದರೆ ಅದಕ್ಕೂ ನಾನೇ ಜವಾಬು. ಬೈಯಬೇಕು ಅನ್ನಿಸಿದಾಗಲೂ ನಗಬೇಕು.

ಗೆಸ್ಟುಗಳು ಕೋಣೆಯಲ್ಲಿ ಮರೆತುಹೋದ ವಸ್ತುಗಳನ್ನು ಹಾಕಿಡಲು ನನ್ನ ಮೇಜಿಗೆ ಒಂದು ಖಾನೆ ಇದೆ. ಚಾರ್ಜರು, ಕನ್ನಡಕ, ಮಕ್ಕಳ ಒಂದೊಂದೇ ಚಪ್ಪಲಿ. ಅವುಗಳ ನಡುವೆ ಒಂದು ದಿನ ಲಿಪ್‌ಸ್ಟಿಕ್ಕಿಗಿಂತ ಸ್ವಲ್ಪ ದಪ್ಪಗಿನ ಗುಲಾಬಿ ಬಣ್ಣದ ಕೊಳವೆಯೊಂದು ಬಂತು. ವೇಪ್, ಬ್ಯಾಟರಿಯ ಸಿಗರೇಟು. ಗೆಸ್ಟುಗಳ ಕೈಯಲ್ಲಿ ಎಷ್ಟೋ ಸಲ ನೋಡಿದ್ದೆ. ಚಾರ್ಜರಿಗಾಗಿ ಹತ್ತು ಸಲ ಫೋನು ಮಾಡುವ ಜನ ಇದಕ್ಕೆ ಮಾಡುವುದಿಲ್ಲ. ಮಾರುವುದೇ ನಿಷೇಧವಾದ ವಸ್ತು, ಯಾವ ಬಾಯಿಂದ ಕೇಳುತ್ತಾರೆ? ಒಂದು ಸಂಜೆ ಒಬ್ಬ ಹೆಂಗಸು ನಾಲ್ಕು ಜನರ ಎದುರು, ನಿನ್ನಂಥವಳನ್ನು ಇಲ್ಲಿ ಯಾರು ಕೂರಿಸಿದರು ಎಂದು ಅಂದುಹೋದಳು. ನಾನು ನಕ್ಕು "ಸಾರಿ ಮೇಡಂ" ಅಂದೆ. ಆಮೇಲೆ ಆ ಕೊಳವೆ ತೆಗೆದುಕೊಂಡು ಬಟ್ಟೆ ಒಗೆಯುವ ಶೆಡ್ಡಿನ ಹಿಂದೆ ಹೋದೆ. ಮಾವಿನಹಣ್ಣಿನ ಪರಿಮಳ. ಮೊದಲು ಕೆಮ್ಮು ಬಂತು, ತಲೆ ತಿರುಗಿತು, ಆಮೇಲೆ ಎದೆ ಹಗುರವಾಯಿತು.

ಇದು ಸೇದುವುದಲ್ಲ, ಬರೀ ಹಬೆ ಎಂದುಕೊಂಡೆ. ನೆಗಡಿಯಾದಾಗ ಬಿಸಿನೀರಿನ ಪಾತ್ರೆಯ ಮುಂದೆ ಕೌದಿ ಮುಸುಕು ಹಾಕಿಕೊಂಡು ಕೂಡುವುದಿಲ್ಲವೇ, ಅದೇ ಥರ. ಮಾವನವರ ಬೀಡಿ ವಾಸನೆಗೆ ಮೂಗು ಮುರಿಯುತ್ತಿದ್ದವಳು ನಾನು. "ಮಾವಾರ, ಕಟ್ಟಿ ಆಚೀ ತುದೀಗೆ ಕುಂಡ್ರಿ" ಎಂದು ಕಿಟಕಿ ಬಡಿದು ಮುಚ್ಚುತ್ತಿದ್ದವಳೂ ನಾನೇ.

ಗುಲಾಬಿ ಕೊಳವೆ ಮುಗಿದ ಮೇಲೆ ಗೋವಾಕ್ಕೆ ಹೋಗಿಬರುವ ಟ್ಯಾಕ್ಸಿ ಚಾಲಕನೊಬ್ಬನಿಗೆ, "ಗೆಸ್ಟಿಗೆ ಬೇಕಂತ, ತಂದು ಕೊಡ್ರಿ" ಎಂದೆ. ಅವನು ಮತ್ತೇನೂ ಕೇಳಲಿಲ್ಲ. ಹೆಂಗಸಿಗೆ ಇಂಥದ್ದನ್ನು ಯಾರೂ ಕೇಳುವುದಿಲ್ಲ, ಅದೇ ನನಗೆ ಅನುಕೂಲವಾಯಿತು. ಮನೆಯಲ್ಲಿ ಬಚ್ಚಲ ಬಾಗಿಲು ಹಾಕಿಕೊಂಡು, ಬಕೆಟ್ಟಿಗೆ ನೀರು ಬಿಟ್ಟು ಎಳೆಯುತ್ತಿದ್ದೆ. ಅತ್ತೆ ತೀರಿಕೊಂಡು ವರ್ಷಗಳಾಗಿದ್ದವು. ಗಂಡನಿಗೆ ಮಿಲ್ಲಿನಲ್ಲಿ ಪಾಳಿ ಕೆಲಸ. ಮಗಳು ಸೃಷ್ಟಿ ಮಾತ್ರ ಒಮ್ಮೆ ಕೊರಳಿಗೆ ಜೋತುಬಿದ್ದು, "ಮಮ್ಮಿ, ನೀ ಒಬ್ಬಾಕೀನ ಮ್ಯಾಂಗೋ ಚಾಕ್ಲೇಟ್ ತಿಂದಿ. ನನಗೂ ಕೊಡು" ಎಂದು ಹಟ ಹಿಡಿದಳು. ಕೈ ಕಿತ್ತು ಗದರಿದೆ. ಅವಳು ಅಳುತ್ತಾ ಅಜ್ಜನ ಹತ್ತಿರ ಹೋದಳು. ಅವಳನ್ನು ಶಾಲೆಗೆ ಬಿಡುವುದು, ಕರೆತರುವುದು, ಉಣ್ಣಿಸುವುದು ಎಲ್ಲ ಅಜ್ಜನೇ. ಅಜ್ಜ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಗಡಿಗೆ ಹೋಗಿ ಮಾವಿನ ಚಾಕಲೇಟು ಕೊಡಿಸಿಕೊಂಡು ಬಂದರು.

ಮಳೆಗಾಲ ಮುಗಿಯುವ ಹೊತ್ತಿಗೆ ಕೆಮ್ಮು ಶುರುವಾಯಿತು. ಒಣ ಕೆಮ್ಮು. ಆಮೇಲೆ ಸಣ್ಣ ಜ್ವರ, ಅನ್ನ ಕಂಡರೆ ವಾಕರಿಕೆ, ಮೈಮೇಲಿನ ಬಟ್ಟೆ ಸಡಿಲ. ದಾಂಡೇಲಿಯ ಡಾಕ್ಟರು ಗುಳಿಗೆ ಬದಲಿಸಿ ಬದಲಿಸಿ ಕೊನೆಗೆ ಕಫ ಪರೀಕ್ಷೆಗೆ ಕಳಿಸಿದರು. ಟಿ.ಬಿ. ಇರಬಹುದು ಎಂದು ಗಾಳಿಯಲ್ಲಿ ಸುದ್ದಿ ಹೋದದ್ದೇ ತಡ, ಪಕ್ಕದ ಮನೆಯಲ್ಲಿ ನನಗೆ ಚಾ ಕೊಡುವ ಕಪ್ಪು ಬೇರೆಯಾಯಿತು. ಟಿ.ಬಿ. ಅಲ್ಲ ಎಂದು ಬಂತು. ಆಗಲಾದರೂ ಬಾಯಿಬಿಡಬಹುದಿತ್ತು. ಎದೆ ಹಿಡಿದುಕೊಂಡಾಗ ಎರಡು ಸಲ ಎಳೆದರೆ ಆರಾಮ ಅನ್ನಿಸುತ್ತಿತ್ತಾದ್ದರಿಂದ, ನಾನು ಅದನ್ನೇ ಔಷಧ ಎಂದುಕೊಂಡಿದ್ದೆ! ಒಂದು ಮಧ್ಯಾಹ್ನ ಹೊಳೆಯ ದಂಡೆಯಿಂದ ರಿಸೆಪ್ಷನ್ನಿಗೆ ಮೆಟ್ಟಿಲು ಹತ್ತುವಾಗ ನಡುವೆಯೇ ಕೂತುಬಿಟ್ಟೆ. ಎಷ್ಟು ಎಳೆದುಕೊಂಡರೂ ಉಸಿರು ಒಳಗೆ ಇಳಿಯುತ್ತಿರಲಿಲ್ಲ. ಹಗ್ಗ ಗಿಡ್ಡವಾಗಿ ಕೊಡ ನೀರಿಗೆ ಮುಟ್ಟದ ಬಾವಿಯ ಹಾಗೆ. ಗಂಡ ಪಾಳಿ ಬಿಟ್ಟು ಓಡಿಬಂದ, ಹುಬ್ಬಳ್ಳಿಗೆ ಒಯ್ದ. ಆಮೇಲೆ ಆದದ್ದನ್ನು ಮೊದಲೇ ಹೇಳಿದೆ.

ಆಕ್ಸಿಜನ್, ಸ್ಟೀರಾಯ್ಡ್, ಸಲೈನ್. ನಿಧಾನಕ್ಕೆ ಉಸಿರು ಮರಳಿತು. ಡಾಕ್ಟರ ಪ್ರಕಾರ ಔಷಧ ಹಿಡಿಯಿತು. ಖರೆ, ಹಿಡಿಯಿತು, ಆದರೆ ಆಸ್ಪತ್ರೆಯಲ್ಲಿ ನನ್ನ ಹತ್ತಿರ ಆ ಕೊಳವೆ ಇರಲಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಮಾವನವರು ಅಷ್ಟರಲ್ಲಿ ಉಳವಿಯ ಗುಡಿಗೆ ನಡೆದು ಹೋಗಿ ಬಂದಿದ್ದರು. ಕಾಶಿಗೆ ಹೋದವರು ಮನಸ್ಸಿಗೆ ಬೇಕಾದ ಒಂದನ್ನು ಅಲ್ಲಿ ಬಿಟ್ಟು ಬರುತ್ತಾರಲ್ಲ, ಹಾಗೆ ಬೀಡಿ ಕಟ್ಟು ಮತ್ತು ಕಡ್ಡಿಪೆಟ್ಟಿಗೆ ದೇವರ ಮುಂದೆ ಇಟ್ಟು ಕೈಮುಗಿದಿದ್ದರು. "ಹುಡುಗ ಇದ್ದಾಗಿಂದ ಸೇದೇನಿ. ದೇವರ ಮುಂದ ಬಿಟ್ಟದ್ದು ಮತ್ತ ಎತ್ತೂ ಹಂಗಿಲ್ಲ. ನೀ ಆರಾಮ ಆಗಿ ಮನೀಗೆ ಬಾ ಯವ್ವಾ" ಎಂದರು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

ಬೀಡಿ ಬಿಡುವುದು ಅವರಿಗೆ ಹುಡುಗಾಟವಾಗಿರಲಿಲ್ಲ. ಬೆಳಿಗ್ಗೆ ಬೀಡಿ ಹಚ್ಚದಿದ್ದರೆ ಹೊಟ್ಟೆ ಸಾಫಾಗದ ಮನುಷ್ಯ. ಬಿಸಿನೀರಿನ ತಂಬಿಗೆ ಹಿಡಿದು ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ಅಲೆಯುತ್ತಿದ್ದರು. ಲವಂಗ ಅಗಿದು ಅಗಿದು ನಾಲಿಗೆ ಸುಟ್ಟುಕೊಂಡರು. ಊಟವಾದ ಮೇಲೆ ಕೈ ತಾನಾಗಿ ಬೀಡಿ ಇಡುತ್ತಿದ್ದ ಕಿಟಕಿಯ ಕಟ್ಟೆಗೆ ಹೋಗುವುದು, ಅಲ್ಲಿ ಏನೂ ಇಲ್ಲದ್ದು ನೋಡಿ ಹಿಂದಕ್ಕೆ ಬರುವುದು. ನಮ್ಮ ಓಣಿಯವರಿಗೆ ಅದೊಂದು ಮಾತಿನ ವಸ್ತುವಾಯಿತು. ಕೆಲವರು ಹೊಗಳಿದರು. ಕೆಲವರು ಕಟ್ಟೆಗೆ ಬಂದು ಕೂತು, "ಶಿವಪ್ಪಣ್ಣ, ಇದನ್ನ ಮದಲ ಬಿಟ್ಟಿದ್ರ ಆ ಹುಡಿಗಿ ಎದಿ ಉಳೀತಿತ್ತಲ್ಲೋ" ಎನ್ನುತ್ತಿದ್ದರು. ಮಾವನವರು ತಲೆ ಬಗ್ಗಿಸಿ, "ಹೌದಪಾ, ತಪ್ಪ ಆತು" ಎನ್ನುತ್ತಿದ್ದರು. ನಾನು ಒಳಗೆ, ಅದೇ ಕಿಟಕಿಯ ಹಿಂದೆ, ಗಂಜಿ ಕುಡಿಯುತ್ತಿದ್ದೆ.

ಇಷ್ಟಾದ ಮೇಲೂ ನಾನು ಮತ್ತೆ ಸೇದಿದೆ. ಇದನ್ನು ಬರೆಯಲು ಕೈ ಏಳುವುದಿಲ್ಲ, ಆದರೂ ಬರೆಯುತ್ತೇನೆ. ಕೆಲಸಕ್ಕೆ ಮರಳಿದ ಕೆಲವೇ ವಾರಗಳಲ್ಲಿ, ಗದ್ದಲದ ಒಂದು ರವಿವಾರ, ಖಾನೆಯಲ್ಲಿ ಹೊಸದೊಂದು ಬಂದು ಬಿದ್ದಿತ್ತು. ಒಂದೇ ಸಲ ಎಂದುಕೊಂಡೆ. ಒಂದೇ ಸಲ ಎಂದುಕೊಳ್ಳದೆ ಯಾರೂ ಎರಡನೇ ಸಲ ಸೇದುವುದಿಲ್ಲ.

ಕೆಮ್ಮು ಮರಳಿ ಬಂತು. ಮನೆಯಲ್ಲಿ ಎಲ್ಲರೂ ಕಾರಣ ಹುಡುಕತೊಡಗಿದರು. ದೇವರ ಮುಂದೆ ಊದಿನಕಡ್ಡಿ ಹಚ್ಚುವುದು ನಿಂತಿತು. ಒಗ್ಗರಣೆ ನಿಂತಿತು. ಗಂಡ ಅಟ್ಟದ ಧೂಳು ಹೊಡೆದು, ಗೋಡೆಗೆ ಸುಣ್ಣ ಬಳಿಸಿದ. ಮಾವನವರು ಒಂದು ದಿನ ಚೀಲದಲ್ಲಿ ಬಟ್ಟೆ ತುಂಬಿಕೊಂಡು ಹೊರಟು ನಿಂತರು.

"ಸಾಂಬ್ರಾಣಿ ಹಳ್ಳೀಗೆ, ತಂಗಿ ನೀಲವ್ವನ ಮನೀಗೆ ಹೋಗ್ತೇನಿ" ಎಂದರು. "ಬೀಡಿ ಬಿಟ್ರೇನಾತು, ಇಷ್ಟ ವರ್ಷದ ಹೊಗಿ ನನ್ನ ಮೈಯೊಳಗ ಕುಂತೈತಿ. ನಾ ಇಲ್ಲೆ ಇದ್ರ ನಿನಗ ಆರಾಮ ಆಗೂದಿಲ್ಲ. ನಾಳೆ ಕೂಸಿಗೂ ಬಂತಂದ್ರ?"

ಸೃಷ್ಟಿ ಅವರ ಧೋತರದ ಚುಂಗು ಹಿಡಿದು ಅತ್ತಳು. ಅವರು ಅದನ್ನು ಮೆಲ್ಲಗೆ ಬಿಡಿಸಿಕೊಂಡರು. ಯಾವಾಗಿನ ಹಾಗೆ ಎತ್ತಿಕೊಳ್ಳಲಿಲ್ಲ. ನಾನು ಬಾಗಿಲಲ್ಲಿ ನಿಂತು ಕೆಮ್ಮಿದೆ. ಅದೊಂದೇ ನನ್ನಿಂದ ಆದದ್ದು.

ಎರಡನೇ ಸಲ ಹುಬ್ಬಳ್ಳಿಗೆ ಹೋದಾಗ ಸ್ಥಿತಿ ಮೊದಲಿಗಿಂತ ಕೆಟ್ಟಿತ್ತು. ಡಾಕ್ಟರರಿಗೆ ಅರ್ಥವಾಗಲಿಲ್ಲ. ಪಾರಿವಾಳ ಸಾಕಿದ್ದೀರಾ, ಸೌದೆ ಒಲೆಯೇ, ಗೋಡೆಗೆ ತೇವವೇ ಎಂದು ಗಂಡನನ್ನು ಕೇಳಿದರು. ಅವನು ಒಂದೊಂದಕ್ಕೂ ಪರೀಕ್ಷೆಗೆ ಕೂತವನ ಹಾಗೆ ಯೋಚಿಸಿ ಉತ್ತರ ಕೊಟ್ಟ. ಕೊನೆಗೆ ಮೂಗಿನಿಂದ ಸಣ್ಣ ನಳಿಗೆ ಇಳಿಸಿ, ಒಳಗಿನ ಚೂರು ತೆಗೆದು ನೋಡಬೇಕು ಎಂದರು.

ನನ್ನ ಪಕ್ಕದ ಹಾಸಿಗೆಯಲ್ಲಿ ಮುಂಡಗೋಡದ ಮಾಬೂಬಿ ಎಂಬ ಮುದುಕಿ ಇದ್ದಳು. ಮಗನದು ಗ್ಯಾರೇಜು. ಅವಳ ಎದೆ ಇಡೀ ದಿನ ತಿದಿಯ ಹಾಗೆ ಸುಯ್‌ಗುಡುತ್ತಿತ್ತು, ಆದರೂ ಅವಳು ನನ್ನ ಗಂಟುಗಟ್ಟಿದ ಕೂದಲು ಬಿಡಿಸಿ ಜಡೆ ಹಾಕುತ್ತಿದ್ದಳು. ಒಂದು ಮಧ್ಯಾಹ್ನ ಚಾ ಕುಡಿದಾದ ಮೇಲೆ ಹಣಿಗೆ ಹಿಡಿದುಕೊಂಡೇ ಮೆಲ್ಲಗೆ ಕೇಳಿದಳು.

"ಬೇಟಾ, ನೀ ಸೇದತೀ ಏನು?"

"ಯಾಕ ಚಾಚಿ, ಹಂಗ ಕೇಳತೀರಿ?"

"ಚಾ ಕುಡದ ಮ್ಯಾಲ ನಿನ್ನ ಕೈ ಬಾಯಿ ಕಡೆ ಬರತೈತಿ, ಹೊಳ್ಳಿ ಹೋಗತೈತಿ. ನಂದೂ ಹಂಗ. ದನದ ಕೊಟ್ಟಿಗಿ ಹಿಂದ ಕುಂತು ಬೀಡಿ ಸೇದಿ, ಬಾಯಾಗ ಯಾಲಕ್ಕಿ ಹಾಕ್ಕೊಂಡು ಒಳಗ ಬರತಿದ್ದೆ. ನಮ್ಮ ಮನೆಯವರು ಸಾಯೂತನಕ ಅವರಿಗೆ ಗೊತ್ತಾಗಲಿಲ್ಲ. ಅಲ್ಲಾನಿಗೆ ಗೊತ್ತಿತ್ತು, ಈ ಎದೀಗೆ ಗೊತ್ತಿತ್ತು."

ಅವಳು ಇಷ್ಟು ಹೇಳಿ ನಕ್ಕಳು, ನಕ್ಕದ್ದಕ್ಕೆ ಕೆಮ್ಮಿದಳು. ನಾನು ಅವಳ ಮಡಿಲಿನಲ್ಲಿ ತಲೆ ಇಟ್ಟು ಅತ್ತೆ. ಎಷ್ಟು ತಿಂಗಳಾಗಿತ್ತು, ಒಬ್ಬರಾದರೂ ಕೇಳಲಿ ಎಂದು ನಾನು ಕಾದಿದ್ದೆನೋ ಏನೋ.

ಆ ಸಂಜೆ ಗಂಡನನ್ನು ಎಳನೀರು ತರಲು ಕಳಿಸಿ, ವಾರ್ಡಿನ ಲೇಡಿ ಡಾಕ್ಟರನ್ನು ಕರೆದೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಹೇಳಿದೆ. ಮಾವಿನಹಣ್ಣು, ಬಚ್ಚಲುಮನೆ, ಗೋವಾದ ಟ್ಯಾಕ್ಸಿ, ಎಲ್ಲ.

"ಮೊದಲ ಯಾಕ ಹೇಳಲಿಲ್ಲ?"

"ಯಾರೂ ಕೇಳಲಿಲ್ರಿ."

ಅವಳು ನನ್ನ ಹಾಳೆಯಲ್ಲಿ ಏನೋ ಬರೆದುಕೊಂಡಳು. "ಹೌದ್ರಿ, ನಾವು ಕೇಳಬೇಕಾಗಿತ್ತು. ಅದು ನಮ್ಮ ತಪ್ಪು. ಆದ್ರ ನಿಮಗ ಗೊತ್ತಿತ್ತಲ್ಲ?"

ಖಾರದ ಬಾಯಿ ಎಂದು ಹೆಸರಾದವಳು ಹೊದಿಕೆಯ ಅಂಚು ಸುತ್ತುತ್ತಾ ಕೂತೆ. ಆ ಹಬೆಯಿಂದಲೇ ಎದೆಯೊಳಗೆ ಹೀಗೆ ಉರಿ ಎದ್ದಿರಬಹುದು, ಇನ್ನೊಮ್ಮೆ ಎಳೆದರೆ ನಾವು ಜವಾಬ್ದಾರರಲ್ಲ ಎಂದಳು. ನಳಿಗೆ ಹಾಕುವುದನ್ನು ಮುಂದಕ್ಕೆ ಹಾಕಿದರು, ಔಷಧ ಬದಲಾಯಿತು. ಹೋಗುವಾಗ ಅವಳು ನಿಂತು, "ಮನೀಯವರಿಗೆ ನಾ ಹೇಳೂದಿಲ್ಲ. ಅದು ನಿಮ್ಮ ಕೆಲಸ" ಎಂದಳು.

ಅಂದರೆ ಇನ್ನು ಮೇಲೆ ಯಾರಿಗೂ ಹೇಳದೆ ಗುಣವಾಗಬಹುದಿತ್ತು. ಅದು ಎಂಥ ಆಸೆ ಎಂದು ಅನುಭವಿಸಿದವರಿಗೇ ಗೊತ್ತು.

ಗಂಡನಿಗೆ ಮಾತ್ರ ಹೇಳಿದೆ, ಆಸ್ಪತ್ರೆಯಿಂದ ಬಿಟ್ಟ ದಿನ, ಬಸ್ಸು ಧಾರವಾಡ ದಾಟಿದ ಮೇಲೆ. ಅವನು ಕಿಟಕಿಯ ಕಡೆ ತಿರುಗಿದವನು ಹಳಿಯಾಳ ಬರುವವರೆಗೂ ಈ ಕಡೆ ನೋಡಲಿಲ್ಲ. ಹಳಿಯಾಳದಲ್ಲಿ ಇಳಿದು ಹೋದ. ಬಿಟ್ಟೇ ಹೋದನೇನೋ ಎಂದುಕೊಂಡೆ. ಚಾ ತಂದು, ಮುಖ ನೋಡದೆ ನನ್ನ ಕೈಗೆ ಕೊಟ್ಟ. ಬಸ್ಸು ಹೊರಟ ಮೇಲೆ ಬಾಯಿಬಿಟ್ಟ.

"ಅಪ್ಪಗ ಹೇಳಬ್ಯಾಡ."

"ಯಾಕ?"

"ಹೆಂಗೂ ಬೀಡಿ ಬಿಟ್ಟಾನ. ಅವನ ಎದೀಗೂ ಚೊಲೋನ ಆತು. ಈಗ ಖರೇ ಗೊತ್ತಾದ್ರ ಮತ್ತ ಹಚ್ಚತಾನ. ಮ್ಯಾಲ ಓಣ್ಯಾಗ ಗೊತ್ತಾತಂದ್ರ ನಿನಗ, ನನಗ, ಕೂಸಿಗ, ಯಾರಿಗೆ ಮಾರಿ ತೋರಸಾಕ ಆಗತೈತಿ?"

ಮಾತಿನಲ್ಲಿ ತಥ್ಯವಿತ್ತು. ನಮ್ಮ ಸುಳ್ಳಿನಿಂದ ಮುದುಕನಿಗೆ ಒಳ್ಳೆಯದೇ ಆಗುತ್ತಿದೆ! ಇಂಥ ಸುಳ್ಳು ಎಷ್ಟು ಬೆಚ್ಚಗಿರುತ್ತದೆ ಎಂದರೆ, ಅದರಿಂದ ಎದ್ದು ಹೊರಗೆ ಬರಲು ಮನಸ್ಸೇ ಆಗುವುದಿಲ್ಲ. ನಾನು ಒಪ್ಪಿಕೊಂಡೆ. ಚಳಿಗಾಲ ಮುಗಿಯುವವರೆಗೂ ಒಪ್ಪಿಕೊಂಡೇ ಇದ್ದೆ. ಉಸಿರು ಸುಧಾರಿಸುತ್ತಾ ಬಂತು. ಮಾವನವರಿಗೆ ಫೋನು ಮಾಡಿ ಆರಾಮ ಇದ್ದೇನೆ ಎಂದರೆ, "ನೋಡಿದೇನು, ನಾ ಮನಿ ಬಿಟ್ಟ ಮ್ಯಾಲ ಹೆಂಗ ಹೊಂಟೈತಿ" ಎಂದು ಸಂತೋಷಪಡುತ್ತಿದ್ದರು. ಫೋನು ಇಟ್ಟ ಮೇಲೆ ನನಗೆ ಊಟ ಇಳಿಯುತ್ತಿರಲಿಲ್ಲ.

ಕಬ್ಬು ಕಡಿಯುವ ಕಾಲದ ಕೊನೆಯಲ್ಲಿ ಒಂದು ರವಿವಾರ ಮೂವರೂ ಸಾಂಬ್ರಾಣಿಗೆ ಹೋದೆವು. ನೀಲವ್ವನ ಹಿತ್ತಲ ಬೇಲಿಯ ಮೇಲೆ ಮಾವನವರ ಧೋತರ, ಬನೀನು, ಅಂಗಿ ಎಲ್ಲ ಹರವಿದ್ದವು. ಎಷ್ಟು ತೆಳ್ಳಗಾಗಿದ್ದವು ಎಂದರೆ ಆಚೆಯ ಗಿಡ ಕಾಣುತ್ತಿತ್ತು.

"ಸೋಡಾ ಹಾಕ್ಕೊಂಡು ಹಂಡೇದಾಗ ಕುದಸತಾನವ್ವಾ" ಎಂದಳು ನೀಲವ್ವ. "ಹೊಗಿ ಹೋಗಬೇಕಂತ. ಬಿಟ್ಟು ಇಷ್ಟ ದಿನಾ ಆತು, ಇನ್ನೆಲ್ಲಿ ಹೊಗೀನೋ ಅಣ್ಣಾ ಅಂದ್ರ ಕೇಳವಲ್ಲ."

ಅಷ್ಟರಲ್ಲಿ ಮಾವನವರು ಹೊಲದಿಂದ ಬಂದರು. ಸೃಷ್ಟಿ "ಅಜ್ಜಾ" ಎಂದು ಓಡಿದಳು. ಅವರು ಎರಡೂ ಕೈ ಮುಂದೆ ಚಾಚಿ, ಅವಳನ್ನು ಹಿಡಿಯಲು ಅಲ್ಲ, ತಡೆಯಲು, ಹಿಂದೆ ಹಿಂದೆ ಸರಿದರು. "ತಡಿ, ತಡೀ ನನ್ನ ರಾಣಿ, ಮುಟ್ಟಬ್ಯಾಡ. ಜಳಕಾ ಮಾಡಿ ಬೇರೆ ಅರಬಿ ಹಾಕ್ಕೊಂಡು ಬರ್ತೇನಿ. ಅಲ್ಲೇ ಕುಂಡ್ರು." ಸೃಷ್ಟಿ ಕಟ್ಟೆಯ ಮೇಲೆ ಕೂತಳು. ಅಪ್ಪನ ಜೊತೆ ಬಂದಾಗಲೆಲ್ಲ ಹೀಗೇ ನಡೆದು ಅವಳಿಗೆ ರೂಢಿಯಾಗಿತ್ತೇನೋ, ಮರುಮಾತಿಲ್ಲದೆ ಕಾಲು ತೂಗುತ್ತಾ ಕೂತಳು. ಅದನ್ನು ನೋಡಿದ ಮೇಲೆ ನನ್ನಿಂದ ಆಗಲಿಲ್ಲ. ಗಂಡ ಕಣ್ಣಿನಲ್ಲೇ ಬೇಡ ಎಂದ. ನಾನು ಎದ್ದು ಹಿತ್ತಲಿಗೆ ಹೋದೆ.

ಮಾವನವರು ಹಂಡೆಯಿಂದ ನೀರು ತೋಡುತ್ತಿದ್ದರು.

"ಜಳಕಾ ಬ್ಯಾಡ್ರಿ ಮಾವಾರ. ನಿಮ್ಮ ಮೈಯಾಗ ಏನೂ ಇಲ್ಲ."

ಮರುತಪಾಸಣೆಗೆ ಹೋದಾಗ ಡಾಕ್ಟರಿಗೆ ತೋರಿಸಲು ಒಯ್ದಿದ್ದ ಕೊಳವೆ ಚೀಲದಲ್ಲೇ ಉಳಿದಿತ್ತು. ತೆಗೆದು ಅವರ ಒದ್ದೆ ಕೈಯಲ್ಲಿ ಇಟ್ಟೆ. ನಿಮ್ಮ ಬೀಡಿ ಒಳ್ಳೆಯದಲ್ಲ ಎಂಬುದು ಖರೆ, ಆದರೆ ನನ್ನ ಎದೆ ಹೀಗಾದದ್ದು ಇದನ್ನು ಸೇದಿ ಎಂದೆ. ಆಸ್ಪತ್ರೆಯಲ್ಲಿ ಅವರು ಕೈ ಎತ್ತಿದ ದಿನವೂ ನನಗೆ ಗೊತ್ತಿತ್ತು ಎಂದೆ. ಆಮೇಲೂ ಸೇದಿದೆ ಎಂದೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಕಡ್ಡಿ ಎಲ್ಲಿ ಹಚ್ಚೂದು ಇದಕ್ಕ?"

"ಕಡ್ಡಿ ಬೇಕಾಗೂದಿಲ್ರಿ."

ಮೂಗಿನ ಹತ್ತಿರ ಹಿಡಿದರು. "ಮಾವಿನಹಣ್ಣು. ಕೂಸು ಚಾಕ್ಲೇಟ ಚಾಕ್ಲೇಟ ಅಂತ ಅಳತಿತ್ತಲ್ಲ, ಅದು ಇದ ಏನು?"

"ಹೌದ್ರಿ."

ಬೈಯುತ್ತಾರೆ ಎಂದು ಕಾದೆ. ಹೊಡೆದರೂ ಹೊಡೆಯಲಿ ಅನ್ನಿಸಿತ್ತು. ಅವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತು, ನನ್ನ ಮುಖ ನೋಡಿದರು.

"ಅಂದ್ರ... ನಾ ಅಲ್ಲ?"

"ಅಲ್ರಿ ಮಾವಾರ."

"ಖರೇ ಹೇಳು. ಡಾಕ್ಟರು ಹೇಳ್ಯಾರ? ನಾ ಅಲ್ಲ?"

"ಅಲ್ರಿ. ನೀವು ಅಲ್ಲ."

ಹೆಗಲ ಮೇಲಿನ ವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಅತ್ತರು, ಸಣ್ಣ ಹುಡುಗರ ಹಾಗೆ ಬಿಕ್ಕಿ ಬಿಕ್ಕಿ. ಅವರಿಗೆ ಬಂದದ್ದು ಸಿಟ್ಟಲ್ಲ. ಎದೆಯ ಮೇಲಿನ ಕಲ್ಲು ಇಳಿದಿತ್ತು. ನಾನು ಇಟ್ಟ ಕಲ್ಲು. ಬೈಗುಳವಾದರೆ ತಡೆದುಕೊಳ್ಳುತ್ತಿದ್ದೆ, ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಕಾಲು ಮುಟ್ಟಲು ಬಗ್ಗಿದೆ, ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

"ನನ್ನ ಹೆಸರ ಕೆಡಿಸಿದಿ ಅಂತ ಸಿಟ್ಟಿಲ್ಲ" ಎಂದರು ಕೊನೆಗೆ. "ಕೂಸಿನ್ನ ಮುಟ್ಟಲಾರದಂಗ ಮಾಡಿದ್ಯಲ್ಲಾ ಯವ್ವಾ."

ಎದ್ದರು. ತೋಡಿದ ನೀರನ್ನು ಹಾಗೇ ಬಿಟ್ಟು ಮುಂಬಾಗಿಲಿಗೆ ಹೋದರು. ಹೊಲದ ಮಣ್ಣು ಮೆತ್ತಿದ, ಬೆವರಿಗೆ ಅಂಟಿಕೊಂಡ ಅದೇ ಅಂಗಿಯಲ್ಲಿ ಸೃಷ್ಟಿಯನ್ನು ಎತ್ತಿಕೊಂಡರು. ಅವಳು ಹೆದರಿ, "ಅಜ್ಜಾ, ಜಳಕಾ?" ಎಂದಳು. "ಇವತ್ತ ಬ್ಯಾಡ" ಎಂದು ಅವಳ ಕೊರಳಲ್ಲಿ ಮುಖ ಹುದುಗಿಸಿದರು.

ಅವತ್ತೇ ನಮ್ಮ ಜೊತೆ ದಾಂಡೇಲಿಗೆ ಬಂದರು. ನನ್ನ ಜೊತೆ ಮಾತ್ರ ಬಹಳ ದಿನ ಮಾತಾಡಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದರು, ಉಂಡು ಏಳುತ್ತಿದ್ದರು. ಅದು ನ್ಯಾಯವೇ. ಮೊದಲು ಮಾತಾಡಿದ್ದು ನಾನು ಒಮ್ಮೆ ಜೋರಾಗಿ ಕೆಮ್ಮಿದಾಗ. "ಮತ್ತ ಸೇದಿಯೇನು?" "ಇಲ್ರಿ, ಥಂಡಿ." "ಬಾಯಿ ತೋರಸು" ಎಂದು ಹತ್ತಿರ ಬಂದು ಮೂಸಿ ನೋಡಿದರು! ಇಬ್ಬರಿಗೂ ನಗು ಬಂತು. ಬೀಡಿ ಅವರು ಮತ್ತೆ ಮುಟ್ಟಲಿಲ್ಲ. ದೇವರ ಮುಂದೆ ಬಿಟ್ಟದ್ದು ತಪ್ಪು ತಿಳಿವಳಿಕೆಯಿಂದ ಬಿಟ್ಟರೂ ಬಿಟ್ಟದ್ದೇ ಅಂತೆ.

ನನ್ನ ಎದೆ ಪೂರ್ತಿ ಮೊದಲಿನಂತಾಗಿಲ್ಲ. ಚೀಲದಲ್ಲಿ ಇನ್ಹೇಲರ್ ಇರುತ್ತದೆ, ಹೊಳೆಯ ಮೆಟ್ಟಿಲನ್ನು ನಿಂತು ನಿಂತು ಹತ್ತುತ್ತೇನೆ. ಖಾನೆಗೆ ಅಂಥ ಕೊಳವೆ ಬಂದರೆ ನಾನು ಮುಟ್ಟುವುದಿಲ್ಲ, ಮ್ಯಾನೇಜರನ್ನು ಕರೆದು ಅವರ ಕೈಯಿಂದಲೇ ತೆಗೆಸುತ್ತೇನೆ. ಮಾವಿನಹಣ್ಣಿನ ಕಾಲದಲ್ಲಿ ಈಗಲೂ ಸ್ವಲ್ಪ ಕಷ್ಟ.

ಇದನ್ನೆಲ್ಲ ಬರೆಯುವ ವಿಚಾರ ಇರಲಿಲ್ಲ. ಆದರೆ ಮೊನ್ನೆ ಕಟ್ಟೆಯ ಮೇಲೆ ಕೂತವರೊಬ್ಬರು ತಮ್ಮ ಮಗನನ್ನು ತೋರಿಸಿ, "ಇವಗ ಹೇಳೋ ಶಿವಪ್ಪಣ್ಣ, ನಿನ್ನ ಬೀಡಿ ನಿನ್ನ ಸೊಸೀಗೆ ಏನ ಮಾಡ್ತು ಅಂತ" ಎಂದರು. ಮಾವನವರು ಎಲ್ಲ ಗೊತ್ತಿದ್ದೂ ತಲೆ ಬಗ್ಗಿಸಿ, "ಹೌದಪಾ, ತಪ್ಪ ಆತು" ಎಂದರು. ನಾನು ಅದೇ ಕಿಟಕಿಯ ಹಿಂದೆ ಇದ್ದೆ. ಅವರು ಒಳಗೆ ಬಂದ ಮೇಲೆ ಯಾಕೆ ಹಾಗಂದಿರಿ ಎಂದು ಜಗಳ ತೆಗೆದೆ.

"ನನ್ನ ಬೀಡಿ ಊರಿಗೆಲ್ಲಾ ಗೊತ್ತಿದ್ದದ್ದ. ನಿಂದು ಯಾಕ ಗೊತ್ತಾಗಬೇಕು? ನೀ ಹೆಣ್ಣಮಗಳು" ಎಂದರು.

ಅವತ್ತೇ ಬರೆಯಲು ಕೂತೆ. ಬರೆದು ಮುಗಿಸಿ ಅವರಿಗೇ ಮೊದಲು ಕೊಟ್ಟೆ. ಕನ್ನಡಕ ಏರಿಸಿಕೊಂಡು, ತುಟಿ ಆಡಿಸುತ್ತಾ ಓದಿದರು. ಹೊಟ್ಟೆ ಸಾಫಾಗದ ಸುದ್ದಿ ಯಾಕೆ ಬರೆದೆ ಎಂದು ಬೈದರು. ತೆಗೆಯುವುದಿಲ್ಲ ಎಂದೆ. ಕೊನೆಯ ಹಾಳೆಯನ್ನು ಮಡಚಿ ನನ್ನ ಕೈಗೆ ಕೊಟ್ಟರು.

"ಇದನ್ನ ಓದಿದ್ರ ಮಂದಿ ನಿನಗ ಏನರೆ ಅಂತಾರವ್ವಾ."

"ಅನ್ಲಿ ಬಿಡ್ರಿ ಮಾವಾರ" ಎಂದೆ. "ಇಷ್ಟ ದಿನಾ ನಿಮಗ ಅಂದಾರಲ್ಲ."